ಬೈಕಿನ ಟೇಲ್ ಲೈಟು: ಫಿಲಮೆಂಟಿನಿಂದ ಎಲ್‌ಇಡಿಗೆ

ಚಿಕ್ಕಬಳ್ಳಾಪುರ ಜಿಲ್ಲೆಯ ನಾಲ್ಕು ಊರುಗಳು ಒಂದೇ ರಸ್ತೆಯ ಮೇಲಿವೆ. ಹಿಂದೆ ರಾಷ್ಟ್ರೀಯ ಹೆದ್ದಾರಿ 234 ಎನಿಸಿಕೊಂಡಿದ್ದ, ಮಂಗಳೂರಿನಿಂದ ತಮಿಳುನಾಡಿನ ವಿಲ್ಲುಪುರಂ ಕಡೆಗೆ ಹೋಗುವ ಆ ರಸ್ತೆ ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಗಳನ್ನು ಒಂದರ ಹಿಂದೊಂದು ಮುಟ್ಟಿಕೊಂಡು ಸಾಗುತ್ತದೆ. ಕತ್ತಲಾದ ಮೇಲೆ ಅಲ್ಲಿ ಬಸ್ಸಿನ ಮುಂದಿನ ಸೀಟು ಸಿಕ್ಕವರಿಗೆ ಬೈಕುಗಳ ಬೆನ್ನಿನ ದರ್ಶನ ಪುಕ್ಕಟೆ. ಒಂದರ ಹಿಂದೆ ಬೀಡಿ ತುದಿಯಷ್ಟು ಕೆಂಪು. ಇನ್ನೊಂದರ ಹಿಂದೆ ಕಣ್ಣಿಗೆ ಚುಚ್ಚುವ ಕೆಂಪು ಪಟ್ಟಿ. ಮತ್ತೊಂದರಲ್ಲಿ ನೀಲಿ, ಕೆಂಪು, ಬಿಳಿ ಸರದಿಯಲ್ಲಿ ಮಿಣುಕುತ್ತ ಜಾತ್ರೆಯ ಸೀರಿಯಲ್ ಸೆಟ್ಟನ್ನು ನೆನಪಿಗೆ ತರುತ್ತದೆ. ಕೆಲವಕ್ಕೆ ಬೆಳಕೇ ಇಲ್ಲ. ಬಸ್ಸಿನ ಹೆಡ್‌ಲೈಟು ಬಿದ್ದ ಮೇಲಷ್ಟೇ ಅದು ಸೊಪ್ಪಿನ ಹೊರೆ, ಹೊರೆಯ ಮುಂದೆ ಒಂದು ಎಕ್ಸೆಲ್ ಗಾಡಿ, ಗಾಡಿಯ ಮೇಲೆ ಒಬ್ಬ ಮನುಷ್ಯ ಎಂದು ಗೊತ್ತಾಗುತ್ತದೆ.

ಟೇಲ್ ಲೈಟು, ಹಳಬರ ಬಾಯಲ್ಲಿ ‘ಡೇಂಜರ್ ಲೈಟು’, ಮೋಟಾರ್‌ಸೈಕಲ್ಲಿನ ಹಿಂದೆ ಇರುವ ಕೆಂಪು ದೀಪ. ಅದರ ಸಣ್ಣ ಡಬ್ಬಿಯೊಳಗೆ ಮೂರು ಕೆಲಸ ಅಡಗಿವೆ. ರಾತ್ರಿಯೆಲ್ಲ ಮಂದವಾಗಿ ಉರಿದು ‘ಇಲ್ಲೊಂದು ಗಾಡಿ ಇದೆ’ ಎನ್ನುವುದು ಒಂದು. ಬ್ರೇಕ್ ಒತ್ತಿದೊಡನೆ ಜೋರಾಗಿ ಹೊತ್ತಿ ‘ವೇಗ ಇಳಿಯುತ್ತಿದೆ’ ಎನ್ನುವುದು ಎರಡು. ಕೆಳಗಿನ ಕಿಂಡಿಯಿಂದ ನಂಬರ್ ಪ್ಲೇಟಿನ ಮೇಲೆ ಬಿಳಿ ಬೆಳಕು ಚೆಲ್ಲುವುದು ಮೂರು. ಈ ಮೂರಕ್ಕೂ ಸಾಮಾನ್ಯವಾಗಿ ಇದ್ದದ್ದು ಒಂದೇ ಗಾಜಿನ ಬಲ್ಬು. ಅದನ್ನು ತೆಗೆದು ಎಲ್‌ಇಡಿ ಹಾಕುವುದಕ್ಕೆ ಎರಡು ದಾರಿ: ಹಳೆಯ ಹೋಲ್ಡರಿಗೇ ಕೂರುವ ಎಲ್‌ಇಡಿ ಬಲ್ಬು ತಂದು ಹಾಕುವುದು, ಇಲ್ಲವೇ ಇಡೀ ಟೇಲ್ ಲೈಟನ್ನೇ ಬಿಚ್ಚಿ ಎಲ್‌ಇಡಿ ಸೆಟ್ ಕೂರಿಸುವುದು. ಮೊದಲನೆಯದು ಹತ್ತು ನಿಮಿಷದ ಕೆಲಸ. ತೊಂದರೆ ಹೆಚ್ಚಾಗಿ ಶುರುವಾಗುವುದೂ ಅಲ್ಲೇ.

ಹಿಂದೆ ಬರುವವನಿಗೆ ಬೆಳಕು ತೋರಿಸುವ ಪದ್ಧತಿ ಮೋಟಾರಿಗಿಂತ ಹಳೆಯದು. ಎತ್ತಿನ ಗಾಡಿಯ ಕೆಳಗೆ, ಎರಡು ಚಕ್ರಗಳ ನಡುವೆ ಲಾಂದ್ರ ತೂಗಿಬಿಟ್ಟು ಸಂತೆಯಿಂದ ಮರಳುತ್ತಿದ್ದವರನ್ನು ಕಂಡವರು ಬಯಲುಸೀಮೆಯಲ್ಲಿ ಈಗಲೂ ಇದ್ದಾರೆ. ಮೊದಲ ಕಾಲದ ಮೋಟಾರ್‌ಸೈಕಲ್ಲುಗಳಲ್ಲಿ ಕಾರ್ಬೈಡಿನ ಮೇಲೆ ನೀರು ತೊಟ್ಟಿಕ್ಕಿಸಿ, ಹುಟ್ಟುವ ಅಸಿಟಿಲೀನ್ ಅನಿಲವನ್ನು ಉರಿಸುತ್ತಿದ್ದರು. ವಿದ್ಯುತ್ತು ಬಂದ ಮೇಲೂ ಬಹಳ ಕಾಲ ಅದು 6 ವೋಲ್ಟಿನ ಬಡ ಬೆಳಕೇ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ತಯಾರಿಸಿದ ಜಾವಾ, ಯೆಜ್ಡಿಗಳಲ್ಲಿ ಹೆಚ್ಚಿನವು ಈ ಜಾತಿಯವು. ಎಂಜಿನ್ ನಿಧಾನವಾದರೆ ದೀಪವೂ ಸೊರಗುತ್ತಿತ್ತು. ಆಮೇಲೆ 12 ವೋಲ್ಟ್ ಎಲ್ಲೆಡೆ ಬಂತು. ಅದರ ಜೊತೆಗೆ ಬಂದದ್ದೇ ‘ಟ್ವೆಂಟಿ ಒನ್ ಬೈ ಫೈವ್’ ಬಲ್ಬು.

ಆ ಬಲ್ಬನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕು. ಕೆಂಪು ಗಾಜಿನ ಎರಡು ಸ್ಕ್ರೂ ಬಿಚ್ಚಿ, ಬಲ್ಬನ್ನು ಒಳಕ್ಕೆ ಒತ್ತಿ ಎಡಕ್ಕೆ ತಿರುಗಿಸಿದರೆ ಕೈಗೆ ಬರುತ್ತದೆ. ಗೋಲಿಗಿಂತ ತುಸು ದೊಡ್ಡದು. ಒಳಗೆ ಒಂದಲ್ಲ, ಎರಡು ತಂತಿ: 5 ವ್ಯಾಟಿನದು ಸದಾ ಉರಿಯಲು, 21 ವ್ಯಾಟಿನದು ಬ್ರೇಕಿಗೆ. ಬುಡದಲ್ಲಿ ಎರಡು ಸೀಸದ ಬೊಟ್ಟು, ಪಕ್ಕದಲ್ಲಿ ಎರಡು ಮೊಳೆ. ಮೊಳೆಗಳು ಸಮನಾಗಿಲ್ಲ, ಒಂದು ಮೇಲೆ, ಒಂದು ತುಸು ಕೆಳಗೆ. ಬಲ್ಬನ್ನು ತಿರುಗುಮುರುಗಾಗಿ ಹಾಕಿ ಟೇಲ್ ಜಾಗದಲ್ಲಿ ಬ್ರೇಕು, ಬ್ರೇಕಿನ ಜಾಗದಲ್ಲಿ ಟೇಲು ಆಗದಿರಲಿ ಎಂದೇ ಈ ಏರುಪೇರು. ಹಳೆಯ ಬಲ್ಬಾದರೆ ಗಾಜಿನ ಒಳಗೆ ಮಸಿ ಹಿಡಿದಿರುತ್ತದೆ. ಟಂಗ್‌ಸ್ಟನ್ ತಂತಿ ಕಾದು ಕಾದು ಆವಿಯಾಗಿ ಗಾಜಿಗೆ ಅಂಟಿದ್ದು ಅದು. ತಂತಿ ಸಾಯುವುದು ಮಾತ್ರ ಬರೀ ಶಾಖದಿಂದಲ್ಲ, ಕುಲುಕಾಟದಿಂದ. ಹಳ್ಳಿಯಿಂದ ಡೇರಿಗೆ, ಡೇರಿಯಿಂದ ತೋಟಕ್ಕೆ ಗುಂಡಿ ಹಾರಿಸಿಕೊಂಡು ಓಡುವ ಗಾಡಿಯಲ್ಲಿ ಬಿಸಿ ತಂತಿ ತುಂಡಾಗುವುದಕ್ಕೆ ದೊಡ್ಡ ಕಾರಣ ಬೇಕಿಲ್ಲ.

ಎಲ್‌ಇಡಿಯಲ್ಲಿ ಕಾಯುವ ತಂತಿಯಿಲ್ಲ. ಅರೆವಾಹಕದ ಒಂದು ಸಣ್ಣ ಹರಳಿನೊಳಗೆ ಎಲೆಕ್ಟ್ರಾನುಗಳು ಎತ್ತರದ ಮಟ್ಟದಿಂದ ತಗ್ಗಿಗೆ ಇಳಿಯುವಾಗ ಆ ಇಳಿತದ ಶಕ್ತಿ ಬೆಳಕಾಗಿ ಹೊರಬರುತ್ತದೆ. ಕಣ್ಣಿಗೆ ಕಾಣುವ ಕೆಂಪು ಎಲ್‌ಇಡಿಯನ್ನು 1962ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ನಿಕ್ ಹೊಲೊನ್ಯಾಕ್ ರೂಪಿಸಿದರು. ಬಣ್ಣಗಳಲ್ಲಿ ಮೊದಲು ಕೈಗೆ ಸಿಕ್ಕದ್ದು ಕೆಂಪೇ ಎಂಬುದು ಟೇಲ್ ಲೈಟಿನ ಅದೃಷ್ಟ. ನೀಲಿಗೆ ಜಗತ್ತು ಇನ್ನೂ ಮೂವತ್ತು ವರ್ಷ ಕಾಯಬೇಕಾಯಿತು. ಪ್ರಖರ ನೀಲಿ ಎಲ್‌ಇಡಿಗಾಗಿ ಜಪಾನಿನಲ್ಲಿ ದುಡಿದ ಇಸಾಮು ಅಕಾಸಾಕಿ, ಹಿರೋಶಿ ಅಮಾನೊ, ಶುಜಿ ನಕಾಮುರ ಅವರಿಗೆ 2014ರ ಭೌತಶಾಸ್ತ್ರದ ನೊಬೆಲ್ ಬಂತು. ಆ ನೀಲಿಯ ಮೇಲೆ ಹಳದಿ ಪುಡಿಯ ಲೇಪ ಹಚ್ಚಿದ್ದೇ ಇಂದಿನ ಬಿಳಿ ಎಲ್‌ಇಡಿ. 2015ರಲ್ಲಿ ಶುರುವಾದ ಕೇಂದ್ರದ ಉಜಾಲ ಯೋಜನೆ, ಕರ್ನಾಟಕದ ‘ಹೊಸ ಬೆಳಕು’ ಇವುಗಳ ಮೂಲಕ ಅದು ಮನೆಮನೆಗೂ ಬಂತು. ಮನೆಯ ಬಲ್ಬು ಬದಲಾದ ಮೇಲೆ ಬೈಕಿನದು ಯಾಕಿರಬೇಕು ಎಂಬ ಪ್ರಶ್ನೆ ತಾನಾಗಿಯೇ ಹುಟ್ಟಿತು.

ಕಾರ್ಖಾನೆಗಳು ಅಷ್ಟರಲ್ಲೇ ದಾರಿ ಹಿಡಿದಿದ್ದವು. ಇಟಲಿಯ ಮಸೆರಾಟಿ 3200 ಜಿಟಿ ಕಾರು 1998ರಲ್ಲಿ ಎಲ್‌ಇಡಿ ಟೇಲ್ ಲೈಟು ಹೊತ್ತು ಬಂತು. ನಮ್ಮಲ್ಲಿ 2006–07ರ ಸುಮಾರಿನ ಬಜಾಜ್ ಪಲ್ಸರ್ ಎರಡು ಕೆಂಪು ಗೀಟುಗಳಿಂದಲೇ ಕತ್ತಲಲ್ಲಿ ಗುರುತು ಸಿಗುವಂತಾಯಿತು. ಪಕ್ಕದ ಬೀದಿಯ ಸ್ಪ್ಲೆಂಡರಿನವನಿಗೆ ತನ್ನ ಗಾಡಿ ಒಮ್ಮೆಲೇ ಹಳತಾಗಿ ಕಂಡದ್ದು ಆಗಲೇ ಇರಬೇಕು. ಯಮಹಾ ಆರ್15ರ ಎರಡನೇ ಆವೃತ್ತಿ 2011ರಲ್ಲಿ ಎಲ್‌ಇಡಿಗೆ ಬಂತು. ಬೆಂಗಳೂರಿನ ಏಥರ್ 2018ರಲ್ಲಿ ತನ್ನ ಎಲೆಕ್ಟ್ರಿಕ್ ಸ್ಕೂಟರನ್ನು ತಂದಾಗ ಅದರಲ್ಲಿ ಗಾಜಿನ ಬಲ್ಬೇ ಇರಲಿಲ್ಲ. ಆದರೆ ರಸ್ತೆಯ ಮೇಲಿರುವ ಗಾಡಿಗಳೆಲ್ಲ ಹೊಸವಲ್ಲ. ಕೆಎ 40 ಎಂಬ ಚಿಕ್ಕಬಳ್ಳಾಪುರದ ನೋಂದಣಿ, ಕೆಎ 67 ಎಂಬ ಚಿಂತಾಮಣಿಯದು, ಜಿಲ್ಲೆ ಒಡೆಯುವ ಮುಂಚಿನ ಕೋಲಾರದ ಕೆಎ 07, ಈ ಮೂರೂ ಫಲಕಗಳು ಒಂದೇ ಹೋಟೆಲಿನ ಮುಂದೆ ನಿಂತಿರುತ್ತವೆ. 2007ರಲ್ಲಿ ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾಗುವ ಮೊದಲಿನ ಗಾಡಿಗಳೂ ಇನ್ನೂ ದುಡಿಯುತ್ತಿವೆ. ಎಲ್‌ಇಡಿ ಬಲ್ಬಿನ ಗಿರಾಕಿಗಳು ಮುಖ್ಯವಾಗಿ ಇವುಗಳ ಮಾಲೀಕರೇ.

ಎಲ್‌ಇಡಿಯ ಪರವಾಗಿ ಅಂಗಡಿಯವರು ಹೇಳುವುದು ‘ಬೆಳಕು ಜಾಸ್ತಿ, ಬ್ಯಾಟರಿ ಉಳಿಯುತ್ತೆ’ ಎಂದು. ಎರಡನೆಯದು ನಿಜ. 21 ವ್ಯಾಟಿನ ತಂತಿ 12 ವೋಲ್ಟಿನಲ್ಲಿ ಸುಮಾರು 1.75 ಆಂಪಿಯರ್ ಎಳೆಯುತ್ತದೆ. ಹಳೆಯ 100 ಸಿಸಿ ಗಾಡಿಗಳ 2.5 ಆಂಪಿಯರ್-ಅವರ್ ಬ್ಯಾಟರಿಯನ್ನು ಎಂಜಿನ್ ನಿಲ್ಲಿಸಿ, ಬ್ರೇಕ್ ಒತ್ತಿಕೊಂಡೇ ಇಟ್ಟರೆ ಒಂದೂವರೆ ಗಂಟೆಯೊಳಗೆ ಖಾಲಿ ಮಾಡಬಲ್ಲದು. ಎಲ್‌ಇಡಿಗೆ ಅದರ ಐದನೇ ಒಂದು ಭಾಗವೂ ಬೇಕಿಲ್ಲ. 2017ರ ಏಪ್ರಿಲ್ 1ರಿಂದ ಹೊಸ ದ್ವಿಚಕ್ರ ವಾಹನಗಳಲ್ಲಿ ಎಂಜಿನ್ ಚಾಲೂ ಆದೊಡನೆ ಹೆಡ್‌ಲೈಟು ತಾನಾಗಿ ಹೊತ್ತಬೇಕೆಂಬ ನಿಯಮ ಬಂದ ಮೇಲೆ ಹೆಚ್ಚಿನ ಗಾಡಿಗಳಲ್ಲಿ ಟೇಲ್ ಲೈಟೂ ಹಗಲೆಲ್ಲ ಉರಿಯುತ್ತದೆ. ಸದಾ ಉರಿಯುವ ದೀಪಕ್ಕೆ ಎಲ್‌ಇಡಿಯೇ ಸೈ.

ಆದರೆ ನಿಜವಾದ ಲಾಭ ಅಂಗಡಿಯವರು ಹೇಳದೇ ಬಿಡುವ ಇನ್ನೊಂದು. ತಂತಿ ಬಲ್ಬಿಗೆ ಕರೆಂಟು ಹೋದ ಮೇಲೆ ಕಾದು ಪೂರ್ತಿ ಬೆಳಗಲು ಸುಮಾರು ಕಾಲು ಸೆಕೆಂಡು ಬೇಕು. ಎಲ್‌ಇಡಿ ಆ ಕ್ಷಣವೇ ಹೊತ್ತುತ್ತದೆ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಮೈಕೇಲ್ ಸಿವಾಕ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಇದನ್ನು ಅಳೆದರು. ಎಲ್‌ಇಡಿ ಬ್ರೇಕ್ ದೀಪ ಕಂಡವರು ಸಾಮಾನ್ಯ ಬಲ್ಬು ಕಂಡವರಿಗಿಂತ ಸರಾಸರಿ 166 ಮಿಲಿಸೆಕೆಂಡ್ ಮೊದಲೇ ಪ್ರತಿಕ್ರಿಯಿಸಿದ್ದರು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬರುವ ಬಸ್ಸು ಅಷ್ಟರಲ್ಲಿ 2.8 ಮೀಟರ್ ಓಡಿರುತ್ತದೆ, 80ರಲ್ಲಾದರೆ 3.7 ಮೀಟರ್. ಒಂದು ಸ್ಪ್ಲೆಂಡರಿನ ಉದ್ದ 2 ಮೀಟರ್.

ದೇಶದಲ್ಲಿ 2022ರಲ್ಲಿ ರಸ್ತೆ ಅಪಘಾತಗಳಿಂದ ಸತ್ತವರು 1,68,491 ಮಂದಿ ಎಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಅವರಲ್ಲಿ ಶೇಕಡ 44.5 ದ್ವಿಚಕ್ರ ಸವಾರರು. ಹಿಂದಿನಿಂದ ಗುದ್ದುವುದು ಈ ಲೆಕ್ಕದಲ್ಲಿ ಸಣ್ಣ ಪಾಲಲ್ಲ.

ಇನ್ನು ‘ಬೆಳಕು ಜಾಸ್ತಿ’ ಎಂಬ ಮಾತು. ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಎಲ್‌ಇಡಿ ಬದಲಾವಣೆಯಲ್ಲಿ ಆಗುವ ತಪ್ಪಿನ ಬೇರು ಇದೇ. ಹಿಂದೆ ಬರುವವನ ಕಣ್ಣು ಹುಡುಕುವುದು ಬೆಳಕನ್ನಲ್ಲ, ಬೆಳಕಿನಲ್ಲಾದ ಬದಲಾವಣೆಯನ್ನು. 21/5 ಬಲ್ಬಿನ ಸಣ್ಣ ತಂತಿ ಕೊಡುವುದು 35 ಲ್ಯೂಮೆನ್, ದೊಡ್ಡದು 440 ಲ್ಯೂಮೆನ್. ಹತ್ತು ಪಟ್ಟಿಗೂ ಹೆಚ್ಚಿನ ಅಂತರ. ಬ್ರೇಕ್ ಹಾಕಿದ್ದು ಕುರುಡನಿಗೂ ಕಾಣುವಂತಿರುತ್ತದೆ. ಅಗ್ಗದ ಎಲ್‌ಇಡಿ ಬಲ್ಬುಗಳಲ್ಲಿ ಟೇಲಿನ ಬೆಳಕೇ ಜೋರಾಗಿರುತ್ತದೆ. ಬ್ರೇಕ್ ಒತ್ತಿದರೆ ಇನ್ನಷ್ಟು ಹೆಚ್ಚಲು ಅದರಲ್ಲಿ ತ್ರಾಣವಿರುವುದಿಲ್ಲ. ಕೊಂಡವನು ಗಾಡಿ ನಿಲ್ಲಿಸಿ ಹಿಂದೆ ಹೋಗಿ ನೋಡಿ, ಎಷ್ಟು ಕೆಂಪಗಿದೆ ಎಂದು ಹಿಗ್ಗುತ್ತಾನೆ. ರಾತ್ರಿ ಅವನ ಹಿಂದಿರುವ ಲಾರಿಯವನಿಗೆ ಆ ಗಾಡಿ ಸದಾ ಬ್ರೇಕ್ ಹಾಕಿಕೊಂಡಂತೆಯೇ ಕಾಣುತ್ತದೆ, ಹಾಗಾಗಿ ಯಾವತ್ತೂ ಬ್ರೇಕ್ ಹಾಕದಂತೆಯೂ. ವಿಶ್ವಸಂಸ್ಥೆಯ ವಾಹನ ನಿಯಮಗಳು ಒಂದೇ ಗೂಡಿನಲ್ಲಿರುವ ಟೇಲ್ ಮತ್ತು ಬ್ರೇಕ್ ದೀಪಗಳ ನಡುವೆ ಕನಿಷ್ಠ ಐದು ಪಟ್ಟು ಅಂತರ ಕೇಳುತ್ತವೆ. ಪೊಟ್ಟಣದ ಮೇಲೆ ‘ಸೂಪರ್ ಬ್ರೈಟ್’ ಎಂದು ಬರೆದಿರುತ್ತದೆ. ಈ ಅಂತರದ ಮಾತು ಅಲ್ಲಿ ಕಾಣುವುದು ಅಪರೂಪ.

ಬಣ್ಣದ್ದು ಇನ್ನೊಂದು ಪೇಚು. ಗಾಜು ಹೇಗೂ ಕೆಂಪಗಿದೆ, ಒಳಗೆ ಬಿಳಿ ಎಲ್‌ಇಡಿ ಇದ್ದರೇನು ಎಂದು ಅನೇಕರು ಬಿಳಿಯದನ್ನೇ ಒಯ್ಯುತ್ತಾರೆ. ತಂತಿ ಬಲ್ಬಿನ ಬೆಳಕಿನಲ್ಲಿ ಕೆಂಪು ಧಾರಾಳವಾಗಿತ್ತು. ಗಾಜು ಉಳಿದ ಬಣ್ಣಗಳನ್ನು ತಡೆದರೂ ಬೇಕಾದಷ್ಟು ಹೊರಬರುತ್ತಿತ್ತು. ಬಿಳಿ ಎಲ್‌ಇಡಿಯ ಬಂಡವಾಳವೆಲ್ಲ ನೀಲಿ ಮತ್ತು ಹಳದಿಯಲ್ಲಿದೆ. ಕೆಂಪು ಗಾಜು ಅದನ್ನು ನುಂಗಿಹಾಕುತ್ತದೆ, ಉಳಿಯುವುದು ನಸುಗೆಂಪು. ಕೆಂಪು ಗಾಜಿಗೆ ಕೆಂಪು ಎಲ್‌ಇಡಿಯೇ ಸರಿ. ಸರಿ ಎಂದುಕೊಂಡು ಕೆಂಪು ಹಾಕಿದರೆ ಕೆಳಗಿನ ಕಿಂಡಿಯಿಂದ ನಂಬರ್ ಪ್ಲೇಟಿನ ಮೇಲೂ ಕೆಂಪೇ ಬೀಳುತ್ತದೆ. ಹಿಂದಿನ ನೋಂದಣಿ ಸಂಖ್ಯೆ ಬಿಳಿ ಬೆಳಕಿನಲ್ಲಿ 15 ಮೀಟರ್ ದೂರದಿಂದ ಓದುವಂತಿರಬೇಕು ಎಂದು ಕೇಂದ್ರ ಮೋಟಾರು ವಾಹನ ನಿಯಮಗಳ 105ನೇ ನಿಯಮ ಹೇಳುತ್ತದೆ. ಒಂದೇ ಬಲ್ಬು ಎರಡು ಬಣ್ಣ ಕೊಡಬೇಕಾದ ಈ ಪೇಚಿಗೆ ಮಾರುಕಟ್ಟೆಯ ಉತ್ತರವೆಂದರೆ ಸುತ್ತಲೂ ಕೆಂಪು ಎಲ್‌ಇಡಿ ಚಿಪ್ಪು, ಒಂದು ಮಗ್ಗುಲಿಗೆ ಮಾತ್ರ ಬಿಳಿ ಚಿಪ್ಪು ಇರುವ ಬಲ್ಬು. ಮೊದಲು ಹೇಳಿದ ಏರುಪೇರಿನ ಮೊಳೆಗಳು ಇಲ್ಲಿ ಕೈಕೊಡಬಹುದು. ಬಲ್ಬು ಒಂದೇ ರೀತಿಯಲ್ಲಿ ಕೂರುವುದರಿಂದ ಬಿಳಿ ಮಗ್ಗುಲು ಕೆಳಗೇ ಬರುತ್ತದೆಂಬ ಖಾತ್ರಿಯಿಲ್ಲ. ಕೆಲವು ಗಾಡಿಗಳಲ್ಲಿ ಅದು ಸೀಟಿನ ಕಡೆ ಮುಖ ಮಾಡಿ ಕೂರುತ್ತದೆ. ಕಾರ್ಖಾನೆಯಿಂದಲೇ ಎಲ್‌ಇಡಿ ಟೇಲ್ ಲೈಟು ಬರುವ ಅನೇಕ ಗಾಡಿಗಳಲ್ಲಿ ನಂಬರ್ ಪ್ಲೇಟಿಗೆ ಬೇರೆಯೇ ಸಣ್ಣ ದೀಪ ಕೊಟ್ಟಿರುವುದು ಇದೇ ಕಾರಣಕ್ಕೆ.

ಗೂಡಿನೊಳಗಿನ ಬೆಳ್ಳಿ ಬಣ್ಣದ ಬಟ್ಟಲನ್ನೂ ಮರೆಯುವಂತಿಲ್ಲ. ತಂತಿ ಎಲ್ಲ ದಿಕ್ಕಿಗೂ ಬೆಳಕು ಚೆಲ್ಲುತ್ತದೆ, ಬಟ್ಟಲು ಅದನ್ನು ಹಿಡಿದು ಹಿಂದಕ್ಕೆ ಕಳಿಸುತ್ತದೆ ಎಂಬ ಲೆಕ್ಕದಲ್ಲಿ ಅದನ್ನು ಮಾಡಿರುತ್ತಾರೆ. ತುದಿಯಲ್ಲಷ್ಟೇ ಚಿಪ್ಪು ಇರುವ ಎಲ್‌ಇಡಿ ಹಾಕಿದರೆ ಬಟ್ಟಲು ಕತ್ತಲು, ನಡುವೆ ಒಂದು ಚುಕ್ಕಿ.

ವೈರಿಂಗ್ ಬಲ್ಲವರು ಬಲ್ಬಿನ ಬೆಲೆಗಿಂತ ಮೊದಲು ಕೇಳುವ ಪ್ರಶ್ನೆ, ‘ಗಾಡಿ ಎಸಿನಾ ಡಿಸಿನಾ?’ ಹಳೆಯ ನೂರು ಸಿಸಿ ಗಾಡಿಗಳಲ್ಲೂ ಮೊಪೆಡ್ಡುಗಳಲ್ಲೂ ಹೆಡ್‌ಲೈಟು, ಟೇಲ್ ಲೈಟುಗಳಿಗೆ ಕರೆಂಟು ಬ್ಯಾಟರಿಯಿಂದಲ್ಲ, ಎಂಜಿನ್ ಪಕ್ಕದ ಕಾಯಿಲ್ಲಿನಿಂದ ನೇರವಾಗಿ ಬರುತ್ತದೆ. ಅದು ಎಸಿ, ಹಿಂದೆ ಮುಂದೆ ಓಲಾಡುವ ಕರೆಂಟು. ಬ್ರೇಕ್ ಲೈಟಿಗೆ ಮಾತ್ರ ಬ್ಯಾಟರಿಯ ಡಿಸಿ. ಬಿಸಿ ತಂತಿಗೆ ಈ ವ್ಯತ್ಯಾಸ ತಿಳಿಯುವುದಿಲ್ಲ. ಎಲ್‌ಇಡಿ ಒಂದೇ ದಿಕ್ಕಿನಲ್ಲಿ ಕರೆಂಟು ಬಿಡುವ ಜಾತಿ; ಎಸಿ ಕೊಟ್ಟರೆ ಅರ್ಧ ಹೊತ್ತು ಉರಿದು ಅರ್ಧ ಹೊತ್ತು ಆರಿ, ಗಾಡಿ ನಿಂತಲ್ಲಿ ಮಿಣಮಿಣ ಎನ್ನುತ್ತದೆ. ಅದಕ್ಕೆ ಒಳಗೆ ರೆಕ್ಟಿಫೈಯರ್ ಇರುವ ಬಲ್ಬು ಹುಡುಕಬೇಕು, ಇಲ್ಲವೇ ಟೇಲಿನ ವೈರನ್ನು ಬ್ಯಾಟರಿ ಕಡೆಗೆ ತಿರುಗಿಸಬೇಕು. ಎಲ್‌ಇಡಿ ಎಳೆಯುವ ಕರೆಂಟು ಕಡಿಮೆಯಾದ್ದರಿಂದ ಸಣ್ಣ ಬ್ಯಾಟರಿಯೂ ಅದನ್ನು ತಾಳಿಕೊಳ್ಳುತ್ತದೆ. ಇಂಡಿಕೇಟರುಗಳನ್ನೂ ಎಲ್‌ಇಡಿ ಮಾಡಿದರೆ ಹಳೆಯ ಫ್ಲ್ಯಾಶರ್ ತಬ್ಬಿಬ್ಬಾಗಿ ಹುಚ್ಚು ವೇಗದಲ್ಲಿ ಟಕಟಕ ಬಡಿಯುತ್ತದೆ. ಎಲ್‌ಇಡಿಗೆಂದೇ ಮಾಡಿದ ಫ್ಲ್ಯಾಶರ್ ಹಾಕಿದರೆ ಆ ಕತೆ ಮುಗಿಯಿತು.

‘ಎಲ್‌ಇಡಿ ಹಾಕಿದೆ, ಸರಿಯಾಗಿ ಉರೀತಿಲ್ಲ’ ಎಂದು ವಾಪಸು ಬರುವ ಗಾಡಿಗಳಲ್ಲಿ ಅದೆಷ್ಟೋ ಬಾರಿ ತಪ್ಪು ಬಲ್ಬಿನದಾಗಿರುವುದಿಲ್ಲ. ಮಡ್‌ಗಾರ್ಡಿನ ಕೆಳಗೆ ತುಕ್ಕು ಹಿಡಿದ ಅರ್ಥ್ ವೈರು, ಹೋಲ್ಡರಿನಲ್ಲಿ ಹಸಿರು ಪಾಚಿ ಕಟ್ಟಿದ ಹಿತ್ತಾಳೆ, ಸೀಟಿನ ಅಡಿ ಸುಲಿದ ವೈರಿಗೆ ಸುತ್ತಿ ಬಿಸಿಲಿಗೆ ಅಂಟು ಬಿಟ್ಟ ಟೇಪು. ಅರ್ಥ್ ಕೆಟ್ಟಾಗ ಬ್ರೇಕಿನ ಕರೆಂಟು ಟೇಲಿನ ದಾರಿ ಹಿಡಿದು ಹೋಗಿ, ಬ್ರೇಕ್ ಒತ್ತಿದರೆ ಮೀಟರಿನ ದೀಪ ಹೊತ್ತುವಂಥ ವಿಚಿತ್ರಗಳೂ ನಡೆಯುತ್ತವೆ. ಬ್ರೇಕ್ ಪೆಡಲಿನ ಸ್ವಿಚ್ಚಿನದು ಇನ್ನೊಂದು ಪಾಡು. ಸ್ಪ್ರಿಂಗು ಬಿಗಿಯಾಗಿ ಸ್ವಿಚ್ಚು ಆನ್ ಆಗಿಯೇ ಉಳಿದರೆ ಹಿಂದಿನ ಕಾಲದಲ್ಲಿ ಬ್ಯಾಟರಿ ಇಳಿದು, ಹಾರ್ನು ಸೊರಗಿ ಎರಡೇ ದಿನದಲ್ಲಿ ಗುಟ್ಟು ರಟ್ಟಾಗುತ್ತಿತ್ತು. ಎಲ್‌ಇಡಿ ತಿನ್ನುವ ಕರೆಂಟು ಎಷ್ಟು ಕಡಿಮೆಯೆಂದರೆ ಬ್ರೇಕ್ ದೀಪ ತಿಂಗಳುಗಟ್ಟಲೆ ಉರಿಯುತ್ತಿದ್ದರೂ ಸವಾರನಿಗೆ ಸುಳಿವು ಸಿಗುವುದಿಲ್ಲ.

ಇಷ್ಟೆಲ್ಲ ಸರಿಯಾಗಿದ್ದರೂ ಶಿಡ್ಲಘಟ್ಟದ ಕಡೆ ಒಂದು ಸಮಸ್ಯೆ ಉಳಿಯುತ್ತದೆ. ಅದು ರೇಷ್ಮೆಯ ಊರು. ಅಲ್ಲಿನ ಗೂಡಿನ ಮಾರುಕಟ್ಟೆ ದೇಶದ ದೊಡ್ಡ ಮಾರುಕಟ್ಟೆಗಳಲ್ಲೊಂದು. ಹುಳ ನಾಲ್ಕನೇ ಬಾರಿ ಪೊರೆ ಬಿಟ್ಟು, ಅಂದರೆ ನಾಲ್ಕನೇ ‘ಜ್ವರ’ ಎದ್ದ ಮೇಲೆ ಅದರ ಹಸಿವಿಗೆ ಮಿತಿಯಿಲ್ಲ. ಇಡೀ ಬಾಳಿನಲ್ಲಿ ತಿನ್ನುವ ಸೊಪ್ಪಿನ ಬಹುಪಾಲನ್ನು ಆ ಕೊನೆಯ ವಾರದಲ್ಲೇ ತಿಂದುಬಿಡುತ್ತದೆ. ಬೆಳಗಿನ ಜಾವಕ್ಕೊಮ್ಮೆ, ಸಂಜೆಗೊಮ್ಮೆ ತೋಟದಿಂದ ಹುಳದ ಮನೆಗೆ ಹಿಪ್ಪುನೇರಳೆ ಕಡ್ಡಿಸೊಪ್ಪಿನ ಹೊರೆ ಸಾಗಲೇಬೇಕು, ಸಾಗುವುದು ಹೆಚ್ಚಾಗಿ ಬೈಕಿನ ಮೇಲೆ. ಸೀಟಿಗೆ ಅಡ್ಡವಾಗಿ ಬಿಗಿದ ಹೊರೆ ಎರಡೂ ಕಡೆ ತೋಳಿನಷ್ಟು ಚಾಚಿಕೊಂಡು, ಹಿಂದೆ ಕೊಡೆಯ ಹಾಗೆ ಜೋತುಬಿದ್ದಿರುತ್ತದೆ. ಅದರ ಅಡಿಯಲ್ಲೆಲ್ಲೋ ಟೇಲ್ ಲೈಟು ಉರಿಯುತ್ತಿರುತ್ತದೆ. ಎಲ್‌ಇಡಿಯಾದರೂ ಅಷ್ಟೆ, ಲಾಂದ್ರವಾದರೂ ಅಷ್ಟೆ. ಡೇರಿಗೆ ಹಾಲು ಹೊಯ್ಯುವವರ ಕ್ಯಾನುಗಳು ಇಂಡಿಕೇಟರುಗಳನ್ನು ಮುಚ್ಚುತ್ತವೆ. ಬೆಳಕು ಹರಿಯುವ ಮುನ್ನ ಚಿಕ್ಕಬಳ್ಳಾಪುರದ ಹೂವಿನ ಮಾರುಕಟ್ಟೆಗೆ ಹೊರಟ ಸೇವಂತಿಗೆ ಮೂಟೆ, ಚಿಂತಾಮಣಿಯ ಎಪಿಎಂಸಿಗೆ ಹೊರಟ ಟೊಮೆಟೊ ಕ್ರೇಟು, ಇವೂ ಬಿಡುವುದಿಲ್ಲ. ಇಲ್ಲಿ ಬಲ್ಬು ಬದಲಿಸಿ ಪ್ರಯೋಜನವಿಲ್ಲ, ದೀಪದ ಜಾಗ ಬದಲಾಗಬೇಕು. ಕೆಲವರು ಹಿಂದಿನ ಕ್ಯಾರಿಯರಿನ ತುದಿಗೆ ಎರಡನೇ ಎಲ್‌ಇಡಿ ದೀಪ ಕಟ್ಟಿ, ಟೇಲಿನ ವೈರಿಗೇ ಜೋಡಿಸಿಕೊಳ್ಳುತ್ತಾರೆ. ಇದು ಸಾಧ್ಯವಾಗಿರುವುದೂ ಎಲ್‌ಇಡಿ ಕರೆಂಟು ಕಡಿಮೆ ತಿನ್ನುವುದರಿಂದಲೇ. ಹೊರೆಯ ಹಿಂದೆ ಒಂದು ಕೆಂಪು ರಿಫ್ಲೆಕ್ಟರ್ ಪಟ್ಟಿ ಸಿಕ್ಕಿಸಿದರೆ ಕರೆಂಟೂ ಬೇಡ. ಅಂದಹಾಗೆ, ಹೊರಗಿನ ಎಲ್‌ಇಡಿ ಸೆಟ್ಟುಗಳಲ್ಲಿ ಮೊದಲು ಕಾಣೆಯಾಗುವುದು ಈ ರಿಫ್ಲೆಕ್ಟರೇ. ಹಳೆಯ ಕೆಂಪು ಗಾಜಿನಲ್ಲಿ ಜೇನುಗೂಡಿನಂಥ ಕಣ್ಣುಗಳಿದ್ದವಲ್ಲ, ಅವು ಎಂಜಿನ್ ಆರಿದಾಗಲೂ ಹಿಂದಿನವನ ಬೆಳಕನ್ನು ಅವನಿಗೇ ಮರಳಿಸುತ್ತಿದ್ದವು.

ಈ ಸೀಮೆಯಲ್ಲಿ ಹಿಂದಿನ ದೀಪದ ಬೆಲೆ ಚಳಿಗಾಲದಲ್ಲಿ ಇನ್ನಷ್ಟು ಏರುತ್ತದೆ. ಬೆಂಗಳೂರು–ಹೈದರಾಬಾದ್ ಹೆದ್ದಾರಿ ಚಿಕ್ಕಬಳ್ಳಾಪುರದ ಬಳಿ ಬೆಟ್ಟಗಳ ಮಗ್ಗುಲಲ್ಲಿ ಹಾಯುವಲ್ಲಿ ಮಂಜು ಕವಿಯುತ್ತದೆ. 2023ರ ಅಕ್ಟೋಬರ್ 26ರ ಮುಂಜಾನೆ ಅಂಥ ಮಂಜಿನಲ್ಲೇ, ನಿಂತಿದ್ದ ಟ್ಯಾಂಕರಿಗೆ ಹಿಂದಿನಿಂದ ಬಂದ ವಾಹನ ಗುದ್ದಿ 13 ಮಂದಿ ಸತ್ತರು. ಅಲ್ಲಿದ್ದದ್ದು ಬೈಕಲ್ಲ. ಆದರೆ ಮಂಜಿನಲ್ಲಿ ಮುಂದಿರುವುದು ಹಿಂದಿನವನಿಗೆ ಎಷ್ಟು ತಡವಾಗಿ ಕಾಣುತ್ತದೆ ಎಂಬುದಕ್ಕೆ ಬೇರೆ ಉದಾಹರಣೆ ಹುಡುಕಬೇಕಾಗಿಲ್ಲ. ಮಂಜು ಬೆಳಕನ್ನು ಚದುರಿಸುತ್ತದೆ. ಮಸುಕಾದ 5 ವ್ಯಾಟಿನ ಬಲ್ಬು, ಅದರ ಮೇಲೆ ಕೆಸರು ಮೆತ್ತಿದ ಗಾಜು, ಇವು ಕೆಲವೇ ಮಾರು ದೂರದಲ್ಲಿ ಕರಗಿಹೋಗುತ್ತವೆ. ಒಳ್ಳೆಯ ಕೆಂಪು ಎಲ್‌ಇಡಿ ಅಷ್ಟು ಬೇಗ ಸೋಲುವುದಿಲ್ಲ.

1478 ಮೀಟರ್ ಎತ್ತರದ ನಂದಿ ಬೆಟ್ಟದ ದಾರಿಯಲ್ಲಿ ಭಾನುವಾರ ಬೆಳಗಿನ ಜಾವ ಕಾಣುವುದು ಬೇರೆಯೇ ಲೋಕ. ಸೂರ್ಯೋದಯ ನೋಡಲು ಬೆಂಗಳೂರಿನಿಂದ ಹೊರಟ ಬೈಕುಗಳ ಕೆಂಪು ದೀಪಗಳು ತಿರುವುಗಳುದ್ದಕ್ಕೂ ಇರುವೆ ಸಾಲಿನಂತೆ ಹತ್ತುತ್ತವೆ. ಇಲ್ಲಿ ಎಲ್‌ಇಡಿ ಅಗತ್ಯಕ್ಕಿಂತ ಶೋಕಿ. ಹಿಂದಿನ ಮಡ್‌ಗಾರ್ಡು ಕತ್ತರಿಸಿ, ಸೀಟಿನ ಅಂಚಿಗೆ ಬೆರಳಗಲದ ಎಲ್‌ಇಡಿ ಪಟ್ಟಿ ಅಂಟಿಸಿ, ನಂಬರ್ ಪ್ಲೇಟನ್ನು ಮೇಲಕ್ಕೆ ಮಡಚಿದ ಗಾಡಿಗಳು ಧಾರಾಳ. ಕೆಲವಕ್ಕೆ ಗಾಜಿನ ಮೇಲೆ ಕಪ್ಪು ಹೊಗೆ ಬಣ್ಣದ ಸ್ಟಿಕರ್. ಬೆಳಕು ಹೆಚ್ಚಲೆಂದು ಎಲ್‌ಇಡಿ ಹಾಕಿ, ಅದರ ಮೇಲೆ ಕಪ್ಪು ಅಂಟಿಸುವುದರ ತರ್ಕ ಹಾಗೆ ಮಾಡಿದವರಿಗೇ ಗೊತ್ತು. ಇಂಥ ಸಾಮಾನೆಲ್ಲ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಗುತ್ತದೆ. ಈಗ ಮೊಬೈಲಿನಲ್ಲಿ ಆರ್ಡರ್ ಮಾಡಿದರೆ ಗೌರಿಬಿದನೂರಿನ ಮನೆ ಬಾಗಿಲಿಗೂ ಬರುತ್ತದೆ.

ಕಾನೂನು ಏನೆನ್ನುತ್ತದೆ? ಹಿಂದಕ್ಕೆ ಕೆಂಪಲ್ಲದ ಬೆಳಕು ತೋರಿಸಬಾರದು ಎಂದು ಕೇಂದ್ರ ನಿಯಮಗಳ 108ನೇ ನಿಯಮವಿದೆ; ಇಂಡಿಕೇಟರು, ನಂಬರ್ ಪ್ಲೇಟಿನ ದೀಪ ಮುಂತಾದವಕ್ಕೆ ಮಾತ್ರ ವಿನಾಯಿತಿ. ಹಾಗಾಗಿ ನೀಲಿ, ಹಸಿರು ಪಟ್ಟಿಗಳಿಗೆ ಜಾಗವಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್, ತಯಾರಕರು ಕೊಟ್ಟ ಮೂಲ ವಿವರಗಳಿಗೆ ಹೊಂದದಂತೆ ವಾಹನ ಮಾರ್ಪಡಿಸುವುದನ್ನು ತಡೆಯುತ್ತದೆ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಸೇರಿಸಿದ 182ಎ ಸೆಕ್ಷನ್ನಿನಲ್ಲಿ, ಕಾಯ್ದೆ ಒಪ್ಪದ ಪ್ರತಿ ಮಾರ್ಪಾಡಿಗೂ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸಜೆ, ಅಥವಾ ಎರಡೂ ಇವೆ. ಆರ್‌ಸಿ ಕಾರ್ಡಿನಲ್ಲಿ ಬಲ್ಬಿನ ಜಾತಿ ಬರೆದಿರುವುದಿಲ್ಲ, ನಿಜ. ಆದರೆ ಕೆಂಪು ದೀಪ ಕೆಂಪಗೆ, ನಂಬರ್ ಪ್ಲೇಟು ಬೆಳ್ಳಗೆ, ಬ್ರೇಕ್ ದೀಪ ಮಿಣುಕದೆ ನೆಟ್ಟಗೆ ಉರಿಯುವ ಗಾಡಿಯನ್ನೂ ಮಡ್‌ಗಾರ್ಡು ಕತ್ತರಿಸಿದ ಗಾಡಿಯನ್ನೂ ಪೊಲೀಸರ ಕಣ್ಣು ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ರಾಜ್ಯದಲ್ಲಿ 2024ರ ಜುಲೈ 1ರಿಂದ ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ಮೇಲೆ 177ನೇ ಸೆಕ್ಷನ್ನಿನಡಿ ಪ್ರಕರಣ ಹಾಕಲು ಪೊಲೀಸರು ಹೊರಟಾಗ ಅವರ ಗುರಿ ಮುಖ್ಯವಾಗಿ ಹೆಡ್‌ಲೈಟುಗಳೇ ಆಗಿದ್ದವು. ಹಿಂದಿನ ದೀಪದ ಗೊಡವೆಗೆ ಯಾರೂ ಹೆಚ್ಚು ಹೋಗಲಿಲ್ಲ.

ದುಡ್ಡಿನ ಲೆಕ್ಕದಲ್ಲಿ ಎಲ್‌ಇಡಿ ಸದಾ ಗೆಲ್ಲುವುದಿಲ್ಲ. ಗಾಜಿನ ಬಲ್ಬು ಹೋಬಳಿಯ ಪಂಕ್ಚರ್ ಅಂಗಡಿಯಲ್ಲೂ ಚಿಲ್ಲರೆ ಕಾಸಿಗೆ ಸಿಗುತ್ತದೆ, ಸವಾರನೇ ಹಾಕಿಕೊಳ್ಳಬಹುದು. ಕಾರ್ಖಾನೆಯಿಂದ ಬಂದ ಎಲ್‌ಇಡಿ ಟೇಲ್ ಲೈಟು ಸೀಲು ಮಾಡಿದ ಡಬ್ಬಿ. ಒಳಗಿನ ಒಂದು ಚಿಪ್ಪು ಸತ್ತರೂ ಇಡೀ ಸೆಟ್ಟೇ ಬದಲಾಗಬೇಕು. ಕೆಂಪು ಎಲ್‌ಇಡಿಯೊಂದಕ್ಕೆ 2 ವೋಲ್ಟ್ ಸಾಕು. ಅದಕ್ಕೇ ಮೂರು ನಾಲ್ಕನ್ನು ಸಾಲಾಗಿ ಪೋಣಿಸಿ ಒಂದು ರೆಸಿಸ್ಟರ್ ಸೇರಿಸಿ 12 ವೋಲ್ಟಿಗೆ ಹೊಂದಿಸುತ್ತಾರೆ. ಸಾಲಿನಲ್ಲಿ ಒಂದು ಹೋದರೆ ಆ ಸಾಲೆಲ್ಲ ಆರುತ್ತದೆ. ಹಳೆಯ ಪಲ್ಸರುಗಳ ಗೀಟಿನಲ್ಲಿ ಹಲ್ಲು ಬಿದ್ದ ಬಾಯಿಯಂತೆ ಕಾಣುವ ಕಪ್ಪು ಸಂದುಗಳಿಗೆ ಇದೇ ಕಾರಣ. ಎಲ್‌ಇಡಿ ಸಾವಿರಾರು ಗಂಟೆ ಬಾಳುತ್ತದೆಂಬುದು ಚಿಪ್ಪಿನ ಮಟ್ಟಿಗೆ ಸುಳ್ಳಲ್ಲ. ಬಾಳದೇ ಹೋಗುವುದು ಅದರ ಹಿಂದಿನ ಬೆಸುಗೆ, ರೆಸಿಸ್ಟರು, ಮತ್ತು ಸರ್ವಿಸ್ ಸ್ಟೇಷನ್ನಿನ ಜೋರು ನೀರಿಗೆ ಬಾಯಿ ಬಿಡುವ ಅಂಟು.

ಬಲ್ಬು ಕೊಳ್ಳುವಾಗ ಪರೀಕ್ಷಿಸಲು ಯಂತ್ರವೇನೂ ಬೇಕಿಲ್ಲ. ಹೊತ್ತು ಮುಳುಗಿದ ಮೇಲೆ ಗಾಡಿಯ ಹಿಂಭಾಗವನ್ನು ಅಂಗಡಿಯ ಶಟರಿಗೆ ತಿರುಗಿಸಿ ಒಂದು ಮಾರು ದೂರದಲ್ಲಿ ನಿಲ್ಲಿಸಬೇಕು. ಎಂಜಿನ್ ಚಾಲೂ ಮಾಡಿ, ನಿಧಾನಕ್ಕೆ ಬಿಟ್ಟು, ಶಟರಿನ ಮೇಲಿನ ಕೆಂಪನ್ನು ನೋಡಬೇಕು, ಅದು ನಡುಗಬಾರದು. ಮೊಬೈಲ್ ಕ್ಯಾಮೆರಾದಲ್ಲಿ ನೋಡಿದರೆ ಕಣ್ಣಿಗೆ ತಪ್ಪಿದ ನಡುಕವೂ ಪಟ್ಟೆಪಟ್ಟೆಯಾಗಿ ಕಾಣುತ್ತದೆ. ಇನ್ನೊಬ್ಬರನ್ನು ಸೀಟಿನ ಮೇಲೆ ಕೂರಿಸಿ ಮೊದಲು ಕೈ ಬ್ರೇಕು, ಆಮೇಲೆ ಕಾಲು ಬ್ರೇಕು ಒತ್ತಿಸಬೇಕು. ಎರಡು ಬಾರಿಯೂ ಶಟರು ಒಮ್ಮೆಲೇ ಕೆಂಡದಂತಾಗಬೇಕು. ಬ್ರೇಕ್ ಬಿಟ್ಟಾಗ ಅಷ್ಟೇ ಥಟ್ಟನೆ ಮಂಕಾಗಬೇಕು. ಆಮೇಲೆ ಗಾಡಿಯನ್ನು ತಿರುಗಿಸಿ, ಅದರ ಹಿಂದೆ ಹದಿನೈದು ಮೀಟರ್ ಸರಿದು ನಂಬರ್ ಪ್ಲೇಟು ಓದಲು ಬರುತ್ತದೆಯೇ ನೋಡಬೇಕು. ನಾಳೆ ಬೆಳಿಗ್ಗೆ ಹೇರುವ ಸೊಪ್ಪಿನ ಹೊರೆಯನ್ನು ಇವತ್ತೇ ಒಮ್ಮೆ ಹೇರಿ, ಇದೆಲ್ಲವನ್ನೂ ಮತ್ತೊಮ್ಮೆ ಮಾಡಿದರೆ ಇನ್ನೂ ಒಳ್ಳೆಯದು.